ಆಲ್ಕೊಳದ ಕೋಣೆಯಲ್ಲಿ ಪಾರ್ಸ್ಲಿ

ಕೆಮ್ಮು ಶುರುವಾದಾಗ ನಾನು ಬೀಜದ ಪುಡಿಯನ್ನು ದೂರಿದೆ. ಶಿವಮೊಗ್ಗದ ಬಸ್ ನಿಲ್ದಾಣದ ಹತ್ತಿರ ಒಂದು ಬೀಜದಂಗಡಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಬೆಂಡೆ, ಹೀರೆ, ಮೆಕ್ಕೆಜೋಳದ ಬೀಜಗಳಿಗೆ ಹಚ್ಚಿದ ಗುಲಾಬಿ ಬಣ್ಣದ ಔಷಧಿ ದಿನವಿಡೀ ಕೈಗೆ, ಸೀರೆಗೆ ಹತ್ತುತ್ತದೆ. ಅದರ ಘಾಟು ಮೂಗಿನಲ್ಲೇ ಇರುತ್ತದೆ. ಹೀಗಾಗಿ ಒಂದು ತಿಂಗಳ ಕೆಮ್ಮು ನನಗೆ ದೊಡ್ಡ ವಿಷಯವಾಗಿ ಕಾಣಲಿಲ್ಲ. ಮೆಡಿಕಲ್ ಶಾಪಿನ ಸಿರಪ್ ಎರಡು ಬಾಟಲಿ ಮುಗಿಯಿತು. ಸಂಜೆ ಭದ್ರಾವತಿಯ ಬಸ್ಸಿನಲ್ಲಿ ಕೂತರೆ ಮೈ ಬೆಚ್ಚಗಾಗುತ್ತಿತ್ತು, ದಣಿವು ಅಂದುಕೊಂಡೆ. ರವಿಕೆಗಳೆಲ್ಲ ಸಡಿಲವಾದವು. ತಮ್ಮನ ಹೆಂಡತಿ ಸವಿತಾ, "ಅತ್ತಿಗೆ, ನೀವು ಸಣ್ಣ ಆಗಿದ್ದು ಚೆನ್ನಾಗಿ ಕಾಣ್ತಿದೆ," ಎಂದಳು. ನನಗೂ ಒಳಗೊಳಗೇ ಖುಷಿಯಾಯಿತು.

ನಾನು ಮದುವೆಯಾದವಳಲ್ಲ. ಭದ್ರಾವತಿಯಲ್ಲಿ ತಮ್ಮ ಪ್ರಕಾಶನ ಮನೆಯಲ್ಲೇ ಇದ್ದೆ. ಅವನು ಲೇತ್ ಕೆಲಸ ಮಾಡುತ್ತಾನೆ. ಅವರ ಮಗಳು ನಿಧಿಗೆ ಆಗ ಎರಡು ವರ್ಷ ತುಂಬಿತ್ತು. ಹಾಲು ಬಿಟ್ಟ ದಿನದಿಂದ ಅವಳು ಮಲಗುತ್ತಿದ್ದದ್ದು ನನ್ನ ಪಕ್ಕದಲ್ಲಿ, ನನ್ನ ಕುತ್ತಿಗೆಯ ಹತ್ತಿರ ಮುಖವಿಟ್ಟುಕೊಂಡು. ಇದನ್ನು ಈಗಲೇ ಹೇಳಬೇಕು. ಮುಂದೆ ನಾನು ಪಟ್ಟ ಭಯಕ್ಕೆಲ್ಲ ಇದೊಂದೇ ಕಾರಣ.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಉಗುಳಿದಾಗ ಕೆಂಪು ಎಳೆ ಕಂಡಿತು. ಅವತ್ತು ಅಂಗಡಿಗೆ ಹೋಗದೆ ಶಿವಮೊಗ್ಗದ ಸರಕಾರಿ ಆಸ್ಪತ್ರೆಗೆ ಹೋದೆ. ಮನೆಯಲ್ಲಿ ಹೇಳಲಿಲ್ಲ. ಕಫ ಹಿಡಿದುಕೊಡಲು ಮುಚ್ಚಳವಿದ್ದ ಸಣ್ಣ ಡಬ್ಬಿ ಕೊಟ್ಟರು; ಮಾರನೆಯ ದಿನ ಬೆಳಗಿನ ಕಫವನ್ನೂ ತರಲು ಹೇಳಿದರು. ಆ ಡಬ್ಬಿಯನ್ನು ಊಟದ ಚೀಲದಲ್ಲಿಡಲು ಮನಸ್ಸಾಗದೆ ಕೈಯಲ್ಲೇ ಹಿಡಿದು, ಮೇಲೆ ಕರವಸ್ತ್ರ ಮುಚ್ಚಿಕೊಂಡು ಬಸ್ಸಿನಲ್ಲಿ ಬಂದೆ.

ರಿಪೋರ್ಟಿಗೆ ಕಾಯುವಾಗ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಕೂತಿದ್ದ. ಐವತ್ತರ ಆಸುಪಾಸು, ಟವೆಲಿನಿಂದ ಬಾಯಿ ಮುಚ್ಚಿಕೊಂಡು ಬಿಟ್ಟೂ ಬಿಡದೆ ಕೆಮ್ಮುತ್ತಿದ್ದ. ನಾನು ಸೆರಗು ಮೂಗಿಗೆ ಒತ್ತಿಕೊಂಡು ಬೆಂಚಿನ ಈ ತುದಿಗೆ ಸರಿದೆ. ಅವನು ಅದನ್ನು ನೋಡಿದ. ನೋಡಿ, ತಾನೇ ಎದ್ದು ಹೋಗಿ ಕಂಬಕ್ಕೆ ಒರಗಿ ನಿಂತ. ಹತ್ತು ನಿಮಿಷಕ್ಕೆ ನನ್ನ ಹೆಸರು ಕರೆದರು.

ಡಾಕ್ಟರು ಚಿಕ್ಕ ವಯಸ್ಸಿನವರು. ರಿಪೋರ್ಟನ್ನು ನನ್ನ ಕಡೆ ತಿರುಗಿಸಿಟ್ಟು, "ವನಜಾ ಅವರೇ, ಇದು ಟಿಬಿ. ಆರು ತಿಂಗಳು ಮಾತ್ರೆ. ಒಂದು ದಿನಾನೂ ತಪ್ಪಿಸ್ಬಾರ್ದು. ವಾಸಿ ಆಗುತ್ತೆ," ಎಂದರು. ನಾನು ತಲೆಯಾಡಿಸಿದೆ. "ಮನೇಲಿ ಚಿಕ್ಕ ಮಕ್ಕಳು ಇದ್ದಾರಾ?" ಎಂದು ಕೇಳಿದರು. ಅವರು ಎರಡು ಸಲ ಕೇಳಬೇಕಾಯಿತು.

ಅವತ್ತು ಮನೆಯ ಒಳಗೆ ಹೋಗಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತೆ. ನಿಧಿ "ಅತ್ತೆ" ಎನ್ನುತ್ತ ಓಡಿ ಬಂದಳು. ನಾನು ಕೈ ಅಡ್ಡ ಹಿಡಿದೆ. ಅವಳು ಅದನ್ನು ಆಟವೆಂದುಕೊಂಡು ನಗುತ್ತ ಮತ್ತೆ ನುಗ್ಗಿದಳು. "ಸವಿತಾ, ಮಗೂನ ಒಳಗೆ ಕರ್ಕೋ," ಎಂದ ನನ್ನ ದನಿಯಲ್ಲೇ ಅವಳಿಗೆ ಏನೋ ತಿಳಿದಿರಬೇಕು. ಬಂದು ಮಗುವನ್ನು ಎತ್ತಿಕೊಂಡಳು. ಪ್ರಕಾಶ ಕೆಲಸದಿಂದ ಬಂದಮೇಲೆ ಇಬ್ಬರಿಗೂ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಸವಿತಾ ಒಳಗೆ ಹೋಗಿ ನನ್ನ ಹಾಸಿಗೆಯಿಂದ ನಿಧಿಯ ಪುಟ್ಟ ದಿಂಬನ್ನು ತೆಗೆದುಕೊಂಡು ಹೋದದ್ದು ಕಿಟಕಿಯಲ್ಲಿ ಕಂಡಿತು.

"ನಾನು ಸ್ವಲ್ಪ ದಿನ ಶಿವಮೊಗ್ಗದಲ್ಲೇ ಎಲ್ಲಾದ್ರೂ ರೂಮ್ ಮಾಡ್ಕೊಂಡು ಇರ್ತೀನಿ ಕಣೋ," ಎಂದೆ.

"ಹಂಗೆಲ್ಲ ಯಾಕಕ್ಕ," ಎಂದು ಪ್ರಕಾಶ ಅಂದಾನೆಂದು ಕಾದೆ. ಅವನು ನೆಲ ನೋಡುತ್ತ, "ಆಲ್ಕೊಳದಲ್ಲಿ ನಮ್ ಫ್ರೆಂಡ್‌ದೊಂದು ರೂಮ್ ಖಾಲಿ ಇದೆ. ಕೇಳ್ತೀನಿ," ಎಂದ. ಹೋಗುತ್ತೇನೆಂದು ಹೇಳಿದವಳು ನಾನೇ. ಬೇಡವೆನ್ನಲು ಅಲ್ಲಿ ಯಾರೂ ಇರಲಿಲ್ಲ, ಅಷ್ಟೆ.

ಆ ಕೋಣೆ ಮೊದಲನೆಯ ಮಹಡಿಯಲ್ಲಿ, ಆಲ್ಕೊಳ ಸರ್ಕಲ್ಲಿಗೆ ಹತ್ತಿರ. ಕೆಳಗೆ ಮೋಟಾರ್ ರಿಪೇರಿ ಅಂಗಡಿ. ಒಂದು ಕಿಟಕಿ, ಒಂದು ಕಟ್ಟೆ, ಅದರ ಮೇಲೆ ಗ್ಯಾಸ್ ಒಲೆ. ಬೆಳಿಗ್ಗೆ ಎದ್ದ ಕೂಡಲೇ ಮಾತ್ರೆ ನುಂಗಬೇಕು. ನುಂಗಿ ಅರ್ಧ ಗಂಟೆಗೆ ಹೊಟ್ಟೆ ತೊಳೆಸಿ ಬರುತ್ತಿತ್ತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಹಾಗಾಗುತ್ತದೆಂದು ಮೊದಲೇ ಹೇಳಿದ್ದರು. ಆದರೂ ಮೊದಲ ದಿನ ಗೋಡೆ ಹಿಡಿದು ನಿಂತುಬಿಟ್ಟೆ. ಹಗಲಿಡೀ ಕಿಟಕಿಯಿಂದ ಕಂಡಕ್ಟರುಗಳು "ಸಾಗರ, ಸಾಗರ" ಎಂದು ಕೂಗುವುದು ಕೇಳುತ್ತಿತ್ತು. ಮೂರು ದಿನ ಯಾರೊಂದಿಗೂ ಮಾತಾಡದೆ ಇದ್ದು, ನಾಲ್ಕನೆಯ ದಿನ ಹಾಲಿನ ಅಂಗಡಿಯಲ್ಲಿ ಬಾಯಿ ತೆರೆದರೆ ದನಿ ಒಡೆದು ಬಂತು. ಅಂಗಡಿಯವರು ನೆಗಡಿಯಾ ಎಂದರು. ಹೌದೆಂದೆ. ಆ ಆರು ತಿಂಗಳು ನಾನು ಎಷ್ಟು ಜನಕ್ಕೆ ನೆಗಡಿ ಎಂದು ಹೇಳಿದೆನೋ.

ಬೀಜದಂಗಡಿಯ ಯಜಮಾನರಿಗೆ ಮಾತ್ರ ನಿಜ ಹೇಳಿದ್ದೆ. ಅವರು ಫೋನಿನಲ್ಲಿ ತುಂಬ ಮೃದುವಾಗಿ, "ರೆಸ್ಟ್ ತಗೊಳ್ಳಿ ಮೇಡಂ, ಏನೂ ಅವಸರ ಇಲ್ಲ," ಎಂದರು. ಎರಡು ದಿನ ಕಳೆದು ಅಂಗಡಿಯ ಆಟೋದವನು ಮೆಟ್ಟಿಲ ಕೆಳಗೆ ಒಂದು ಚೀಲ ಇಟ್ಟು, ಅಲ್ಲಿಂದಲೇ ಕೂಗಿ ಹೇಳಿ ಹೋದ. ಚೀಲದಲ್ಲಿ ನನ್ನ ನೀರಿನ ಬಾಟಲಿ, ಕುರ್ಚಿಯ ಮೇಲೆ ಹಾಸಿಕೊಳ್ಳುತ್ತಿದ್ದ ದಿಂಬು, ಕೊಡೆ, ಕನ್ನಡಕದ ಡಬ್ಬಿ, ನನ್ನ ಡ್ರಾಯರಿನಲ್ಲಿದ್ದದ್ದೆಲ್ಲ ಇತ್ತು. ಅವರು ಹೇಳದೆ ಬಿಟ್ಟದ್ದನ್ನು ಚೀಲ ಹೇಳಿತು. ಎಲ್ಲವನ್ನೂ ನೆಲದ ಮೇಲೆ ಸುರಿದುಕೊಂಡು ಒಂದೊಂದಾಗಿ ಎತ್ತಿ ನೋಡಿದೆ. ಅದರಲ್ಲೊಂದು ಪಾರ್ಸ್ಲಿ ಬೀಜದ ಪ್ಯಾಕೆಟ್ ಇತ್ತು.

ಕಂಪನಿಯ ಪ್ರತಿನಿಧಿ ಸ್ಯಾಂಪಲ್ಲಿಗೆಂದು ಕೊಟ್ಟುಹೋದದ್ದು. ಹೊರದೇಶದ ಕೊತ್ತಂಬರಿ ಎಂದುಕೊಳ್ಳಿ. ಎಲೆ ಗುಂಗುರು ಗುಂಗುರು. ನಮ್ಮಲ್ಲಿ ಯಾರೂ ಕೊಳ್ಳುವುದಿಲ್ಲ. ವಿದ್ಯಾನಗರದ ಒಬ್ಬರು ಒಮ್ಮೆ ಕೊಂಡು, ಎರಡು ವಾರಕ್ಕೆ ಬಂದು ಬೀಜ ಸತ್ತಿದೆಯೆಂದು ಜಗಳ ಮಾಡಿದ್ದರು. ಪ್ರತಿನಿಧಿಯನ್ನು ಕೇಳಿದರೆ, "ಇದು ಮೂರ್ನಾಲ್ಕು ವಾರ ತಗೊಳುತ್ತೆ ಮೇಡಂ. ಜನಕ್ಕೆ ಅಷ್ಟು ತಾಳ್ಮೆ ಎಲ್ಲಿ," ಎಂದಿದ್ದ. ಹನ್ನೊಂದು ವರ್ಷ ಸಾವಿರಾರು ಪ್ಯಾಕೆಟ್ ಮಾರಿದ್ದೆ. ಒಂದು ಬೀಜವನ್ನೂ ನಾನು ನೆಟ್ಟವಳಲ್ಲ. ಭದ್ರಾವತಿಯ ಮನೆಯಲ್ಲಿ ಅಂಗಳವೂ ಇರಲಿಲ್ಲ, ನನಗೆ ಪುರುಸೊತ್ತೂ ಇರಲಿಲ್ಲ. ಈಗ ಪುರುಸೊತ್ತೊಂದೇ ಇತ್ತು.

ಅರ್ಧ ಪ್ಯಾಕೆಟ್ ಬೀಜವನ್ನು ಬೆಚ್ಚಗಿನ ನೀರಿನಲ್ಲಿ ಒಂದು ರಾತ್ರಿ ನೆನೆಸಿದೆ. ಮೊಸರಿನ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಕಾದ ಮೊಳೆಯಿಂದ ತೂತು ಮಾಡಿದೆ. ಪಕ್ಕದ ಖಾಲಿ ಸೈಟಿನ ಮಣ್ಣು ತಂದು ಜರಡಿ ಹಿಡಿದು ತುಂಬಿದೆ. ಇಷ್ಟು ಮಾಡುವುದಕ್ಕೆ ಮೂರು ಸಲ ಕೂತು ಸುಧಾರಿಸಿಕೊಳ್ಳಬೇಕಾಯಿತು. ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಸೀಟಿ ಊದಿದ ಹಾಗೆ ಆಗುತ್ತಿತ್ತು. ಬೀಜವೋ ಅಜವಾನದಷ್ಟೇ ಸಣ್ಣದು. ಮೇಲೆ ಒಂದು ಚಿಟಿಕೆ ಮಣ್ಣು ಉದುರಿಸಿ, ನೀರು ಚಿಮುಕಿಸಿ, ಪ್ಲಾಸ್ಟಿಕ್ ಕವರ್ ಮುಚ್ಚಿ ಕಿಟಕಿಯಲ್ಲಿಟ್ಟೆ.

ಬೀಜ ಹಾಕಿದ ಹತ್ತನೆಯ ದಿನ ಪ್ರಕಾಶ ಫೋನ್ ಮಾಡಿದ. "ಅಕ್ಕ, ನಿಧಿಗೆ ಎರಡು ದಿನದಿಂದ ಜ್ವರ. ಎಕ್ಸ್‌ರೇ ಮಾಡ್ಸಿದ್ವಿ. ಇನ್ನೊಂದು ಟೆಸ್ಟೂ ಮಾಡ್ತಾರಂತೆ. ಮೂರು ದಿನ ಆಗುತ್ತಂತೆ."

"ಕೆಮ್ಮು ಇದ್ಯಾ?"

"ಸ್ವಲ್ಪ."

"ಸವಿತಾ ಇದ್ದಾಳಾ? ಫೋನ್ ಕೊಡು."

ಆ ಕಡೆ ಏನೋ ಮಾತಾಯಿತು. "ಅವ್ಳು ಮಗೂನ ಮಲಗಿಸ್ತಾ ಇದ್ದಾಳೆ ಅಕ್ಕ, ಆಮೇಲೆ ಮಾಡ್ತೀನಿ," ಎಂದ. ಮಾಡಲಿಲ್ಲ.

ಆ ಮೂರು ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಮಾತ್ರೆಯನ್ನು ಮಾತ್ರ ನುಂಗಿದೆ. ಎರಡನೆಯ ದಿನ, ಇನ್ನು ಸುಮ್ಮನೆ ಕೂರಲಾಗದೆ, ಬೆಂಕಿಪೊಟ್ಟಣದ ಒಂದು ಕಡ್ಡಿ ತೆಗೆದುಕೊಂಡು ಡಬ್ಬಿಯ ಮಣ್ಣು ಕೆದಕಿದೆ. ಏನಾದರೂ ಆಗುತ್ತಿದೆಯೇ ಎಂದು ನೋಡಬೇಕಿತ್ತು. ಬೀಜಗಳು ಹಾಕಿದ ಹಾಗೇ ಇದ್ದವು. ಒಂದೆರಡು ಬೆರಳಿಗೆ ಅಂಟಿಕೊಂಡವು. ಮತ್ತೆ ಕೆದಕಿದೆ. ಕೊನೆಗೆ ಎಲ್ಲ ಬೀಜವೂ ಎಲ್ಲೆಲ್ಲೋ ಆಳಕ್ಕೆ ಹೋಗಿ ಬೆರೆತವು. ಆಗ ಅಳು ಬಂತು. ಟಿಬಿ ಎಂದಾಗ ಅತ್ತಿರಲಿಲ್ಲ, ಮನೆ ಬಿಡುವಾಗ ಅತ್ತಿರಲಿಲ್ಲ.

ಮೂರನೆಯ ದಿನ ಸಂಜೆ ಪ್ರಕಾಶನ ಫೋನು. ನಿಧಿಗೆ ರೋಗ ತಗುಲಿಲ್ಲ, ಜ್ವರ ಬೇರೆಯದು. ಆದರೂ ಮುನ್ನೆಚ್ಚರಿಕೆಗೆಂದು ಅವಳಿಗೂ ಆರು ತಿಂಗಳು ದಿನಕ್ಕೊಂದು ಮಾತ್ರೆ. "ಭಯ ಇಲ್ಲ ಅಂದ್ರು," ಎಂದ. ನಾನು ಫೋನಿಟ್ಟು, ಇದ್ದ ಅನ್ನಕ್ಕೆ ಮೊಸರು ಕಲೆಸಿ ತಿಂದೆ. ಮಾರನೆಯ ದಿನ ಮಣ್ಣು ಚೆಲ್ಲಿ, ಹೊಸ ಮಣ್ಣಿಗೆ ಪ್ಯಾಕೆಟ್ಟಿನಲ್ಲಿ ಉಳಿದಿದ್ದ ಬೀಜವನ್ನು ನೆನೆಸಿ ಹಾಕಿದೆ. ಈ ಸಲ ಮುಟ್ಟಲಿಲ್ಲ.

ವಾರಕ್ಕೊಮ್ಮೆ ಬಂದು ನನ್ನ ಮಾತ್ರೆ ನೋಡಿ ಹೋಗುತ್ತಿದ್ದವಳು ಆರೋಗ್ಯ ಕಾರ್ಯಕರ್ತೆ ಸೆಲ್ವಿ. ಭದ್ರಾವತಿಯ ಕಾರ್ಖಾನೆ ಕಡೆಯ ತಮಿಳರ ಮನೆಯವಳು, ಮದುವೆಯಾಗಿ ಶಿವಮೊಗ್ಗಕ್ಕೆ ಬಂದವಳು. ಮಾಸ್ಕ್ ಹಾಕಿಕೊಂಡೇ ಬರುತ್ತಿದ್ದಳು, ಆದರೆ ಬಾಗಿಲಲ್ಲಿ ನಿಂತು ಮಾತಾಡುತ್ತಿರಲಿಲ್ಲ. ಒಳಗೆ ಬಂದು, ಕಿಟಕಿಯನ್ನು ಪೂರ್ತಿ ತೆಗೆದು, ನೆಲದ ಮೇಲೆ ಕೂತು ಮಾತ್ರೆಯ ಖಾಲಿ ಸ್ಟ್ರಿಪ್‌ಗಳನ್ನು ನೋಡುತ್ತಿದ್ದಳು. "ಏನಕ್ಕಾ, ಡಬ್ಬೀಲಿ ಮಣ್ಣು ಸಾಕ್ತಿದೀರಾ?" ಎಂದು ಕೇಳಿದಳು. ಬೀಜವೆಂದೆ. ಮುಂದಿನ ವಾರವೂ ಕೇಳಿದಳು, ಅದರ ಮುಂದಿನ ವಾರವೂ. ನನ್ನ ಬಳಿ ಯಾರಾದರೂ ಒಂದು ವಿಷಯವನ್ನು ಹಿಂದಿನ ಸಲದಿಂದ ನೆನಪಿಟ್ಟುಕೊಂಡು ಕೇಳುತ್ತಿದ್ದದ್ದು ಅದೊಂದೇ.

ಮೊದಲ ತಿಂಗಳ ತಪಾಸಣೆಯಲ್ಲಿ ಡಾಕ್ಟರು, "ನಿಮ್ಮಿಂದ ಹರಡೋ ಭಯ ಈಗ ಹೆಚ್ಚುಕಡಿಮೆ ಇಲ್ಲ. ಮನೆಗೆ ಹೋಗ್ಬಹುದು," ಎಂದರು. ಆಸ್ಪತ್ರೆಯ ಗೇಟಿನಿಂದಲೇ ಪ್ರಕಾಶನಿಗೆ ಫೋನ್ ಮಾಡಿದೆ.

"ಒಳ್ಳೇದಾಯ್ತು ಅಕ್ಕ," ಎಂದ. "ಇನ್ನು ಸ್ವಲ್ಪ ದಿನ ನೋಡೋಣ. ಕೋರ್ಸ್ ಮುಗೀಲಿ."

"ಡಾಕ್ಟರೇ ಹೇಳಿದ್ದು ಕಣೋ."

"ಹೂಂ. ಸವಿತಾ ಸ್ವಲ್ಪ ಹೆದರ್ಕೊಂಡಿದಾಳೆ. ನಿಂಗೊತ್ತಲ್ಲ."

ನನಗೆ ಗೊತ್ತಿತ್ತು. ಗೊತ್ತಿದೆ ಎಂದೇ ಹೇಳಿದೆ. ರೋಗದ ಕಾರಣಕ್ಕೆ ಒಂಟಿಯಾಗಿದ್ದ ದಿನಗಳನ್ನು ಹೇಗೋ ಕಳೆದಿದ್ದೆ. ಕಾರಣ ಹೋದ ಮೇಲೂ ಒಂಟಿಯಾಗಿರುವುದು ಬೇರೆ ತರಹ. ಇಂಥ ಸ್ಥಿತಿಯಲ್ಲಿ ಈಗ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ.

ಎರಡನೆಯ ಸಲ ಹಾಕಿದ ಬೀಜ ಇಪ್ಪತ್ತಾರನೆಯ ದಿನಕ್ಕೆ ಮೊಳೆಯಿತು. ಅವತ್ತು ಕವರ್ ತೆಗೆದಾಗ ಮಣ್ಣಿನಿಂದ ಎರಡು ಬಿಳಿ ದಾರದಂಥವು ಬೆನ್ನು ಬಗ್ಗಿಸಿಕೊಂಡು ಎದ್ದಿದ್ದವು. ತಲೆ ಇನ್ನೂ ಮಣ್ಣಿನೊಳಗೇ. ಮಧ್ಯಾಹ್ನದ ಹೊತ್ತಿಗೆ ಒಂದು ತಲೆ ಎತ್ತಿತ್ತು. ವಾರದಲ್ಲಿ ಒಂಬತ್ತಾದವು. ಎಲ್ಲವೂ ಕಿಟಕಿಯ ಕಡೆಗೆ ವಾಲುತ್ತಿದ್ದವು. ದಿನಾ ಡಬ್ಬಿ ತಿರುಗಿಸಿಡುತ್ತಿದ್ದೆ. ಮೊದಲ ಎಲೆ ಸಾದಾ ಇತ್ತು, ಆಮೇಲಿನದು ಕೊತ್ತಂಬರಿಯ ಹಾಗೆ, ಅದರ ಆಮೇಲಿನದು ಪ್ಯಾಕೆಟ್ಟಿನ ಚಿತ್ರದಲ್ಲಿದ್ದ ಹಾಗೆ ಗುಂಗುರಾಗಿ. ಒತ್ತಾಗಿದ್ದ ಸಸಿಗಳಲ್ಲಿ ಕೆಲವನ್ನು ಕಿತ್ತು ಜಾಗ ಬಿಡಿಸಬೇಕೆಂದು ಗಿರಾಕಿಗಳಿಗೆ ನಾನೇ ಹೇಳುತ್ತಿದ್ದೆ. ನನ್ನ ಕೈಯಲ್ಲಿ ಆಗಲಿಲ್ಲ. ಇನ್ನೊಂದು ಡಬ್ಬಿ ತಂದು ಅರ್ಧವನ್ನು ಅದಕ್ಕೆ ಕಿತ್ತುನೆಟ್ಟೆ. ಎರಡು ಬಾಡಿ ಹೋದವು. ಏಳು ಉಳಿದವು.

ಎರಡು ತಿಂಗಳ ಕಫ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಮಾತ್ರೆಯ ವಾಕರಿಕೆ ಕಡಿಮೆಯಾಗಿ ಹಸಿವು ಬಂತು, ಎಂಥ ಹಸಿವು! ನಾಲ್ಕನೆಯ ತಿಂಗಳು ಮುಗಿಯುವ ಹೊತ್ತಿಗೆ ಒಂದು ದಿನ ಪಾರ್ಸ್ಲಿಯ ಹೊರಗಿನ ಎಲೆಗಳನ್ನು ಕತ್ತರಿಸಿ, ಜೀರಿಗೆ ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿ ಹಾಕಿ ರುಬ್ಬಿ, ಮಜ್ಜಿಗೆಯಲ್ಲಿ ಕದಡಿ ತಂಬುಳಿ ಮಾಡಿದೆ. ಕೊತ್ತಂಬರಿಯ ಘಮವಿಲ್ಲ, ಕ್ಯಾರೆಟ್ ಸೊಪ್ಪಿನಂಥ ಹಸಿರು ವಾಸನೆ, ಕೊನೆಯಲ್ಲಿ ತುಸು ಕಹಿ. ಅಷ್ಟರಲ್ಲಿ ಸೆಲ್ವಿ ಬಂದಳು.

"ಒಂದು ತುತ್ತು ಊಟ ಮಾಡ್ತೀಯಾ?" ಎಂದು ಕೇಳಿಬಿಟ್ಟೆ. ಕೇಳಿದ ತಕ್ಷಣ ನಾಲಿಗೆ ಕಚ್ಚಿಕೊಂಡೆ. ನಾಲ್ಕು ತಿಂಗಳಲ್ಲಿ ನನ್ನ ಕೈಯಿಂದ ಯಾರೂ ಒಂದು ಲೋಟ ನೀರು ಕುಡಿದಿರಲಿಲ್ಲ.

ಅವಳು ಗಡಿಯಾರ ನೋಡಿದಳು. "ಅನ್ನ ಬಿಸಿ ಇದ್ಯಾ ಅಕ್ಕಾ? ತಣ್ಣಗಿದ್ರೆ ನಂಗೆ ಬೇಡ," ಎಂದು ಕೈ ತೊಳೆಯಲು ಎದ್ದಳು. ಮಾಸ್ಕ್ ಕೆಳಗಿಳಿಸಿ, ಎರಡು ಸಲ ತಂಬುಳಿ ಹಾಕಿಸಿಕೊಂಡು ಉಂಡಳು. "ಕಹಿ ಇದೆ. ಇನ್ನೊಂಚೂರು ಕಾಯಿ ಹಾಕ್ಬೇಕಿತ್ತು," ಎಂದಳು. ಅವಳು ಹೋದಮೇಲೆ ಅವಳ ತಟ್ಟೆಯನ್ನು ತುಂಬ ಹೊತ್ತು ತೊಳೆಯಲಿಲ್ಲ.

ಆ ಧೈರ್ಯದಲ್ಲೇ, ಮುಂದಿನ ಸಲ ಪ್ರಕಾಶ ಅಕ್ಕಿ, ಬೇಳೆ ತಂದಾಗ ಒಂದು ಕಟ್ಟು ಪಾರ್ಸ್ಲಿ ಕೊಟ್ಟೆ. ಅವನು ಪ್ರತಿ ತಿಂಗಳು ಬರುತ್ತಿದ್ದ. ಮೆಟ್ಟಿಲ ಕೊನೆಯಲ್ಲಿ ನಿಂತು ಹತ್ತು ನಿಮಿಷ ಮಾತಾಡುತ್ತಿದ್ದ. "ನಾನೇ ಬೆಳೆದಿದ್ದು. ಸವಿತಂಗೆ ಹೇಳು, ತಂಬುಳಿ ಚೆನ್ನಾಗಾಗುತ್ತೆ ಅಂತ. ನಿಧಿಗೆ ಕಹಿಯಾದ್ರೆ ಬೇಡ," ಎಂದೆ. ಅವನು ಸೊಪ್ಪನ್ನು ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಹೋದ. ಅಂದು ಸಂಜೆ, ಮಾರನೆಯ ದಿನ, ಆ ವಾರವೆಲ್ಲ ಸವಿತಾಳ ಫೋನಿಗೆ ಕಾದೆ. ಹೇಗಿತ್ತು ಎಂದು ಪ್ರಕಾಶನನ್ನು ಕೇಳಿದಾಗ "ಚೆನ್ನಾಗಿತ್ತಕ್ಕ" ಎಂದ. ಅವನಿಗೆ ಚಿಕ್ಕಂದಿನಿಂದಲೂ ಸುಳ್ಳು ಹೇಳಲು ಬರುವುದಿಲ್ಲ. ಮತ್ತೆ ಸೊಪ್ಪು ಕಳಿಸಲಿಲ್ಲ.

ಆರು ತಿಂಗಳು ಮುಗಿಯಿತು. ವಾಸಿಯಾಗಿದೆ ಎಂದು ಕಾರ್ಡಿನ ಮೇಲೆ ಬರೆದುಕೊಟ್ಟರು. ಆ ಕಾರ್ಡನ್ನು ಹಿಡಿದು ಬೀಜದಂಗಡಿಗೆ ಹೋದೆ. ಯಜಮಾನರು ಅದನ್ನು ಓದಿ, ಎರಡೂ ಬದಿ ತಿರುಗಿಸಿ, "ಬನ್ನಿ ಮೇಡಂ, ಸೋಮವಾರದಿಂದ ಬನ್ನಿ," ಎಂದರು. ಸೋಮವಾರ ಹೋದರೆ ನನ್ನ ಕುರ್ಚಿ ಬಾಗಿಲ ಪಕ್ಕದಲ್ಲಿತ್ತು. ಗಾಳಿ ಚೆನ್ನಾಗಿ ಬರುತ್ತದೆ ಎಂದರು. ಕೂತೆ. ಗಾಳಿಯೇನೋ ಬರುತ್ತದೆ.

ಆ ಭಾನುವಾರ ಭದ್ರಾವತಿಗೆ ಹೋದೆ. ಕರೆಯಲಿ ಎಂದು ಕಾಯಲಿಲ್ಲ. ಬರುತ್ತೇನೆಂದು ಹೇಳಿ ಹೋದೆ. ಪ್ರಕಾಶ ಕೋಳಿ ತರಲು ಹೊರಗೆ ಹೋಗಿದ್ದ. ನಿಧಿ ಉದ್ದವಾಗಿದ್ದಳು. ನನ್ನನ್ನು ನೋಡಿ ತಾಯಿಯ ಹಿಂದೆ ಅಡಗಿದಳು. "ಅತ್ತೆ ಕಣೇ, ಅತ್ತೆ," ಎಂದಳು ಸವಿತಾ. ನಿಧಿ ಬರಲಿಲ್ಲ. ಎರಡು ವರ್ಷದ ಮಗುವಿಗೆ ಆರು ತಿಂಗಳೆಂದರೆ ಎಷ್ಟು ದೊಡ್ಡದು ಎಂದು ನಾನು ಲೆಕ್ಕ ಹಾಕಿರಲಿಲ್ಲ. ಗೋಡೆಗೆ ಒರಗಿ ಕೂತೆ.

ಸವಿತಾ ನೀರು ತಂದುಕೊಟ್ಟಳು. ಹೋಗದೆ ಅಲ್ಲೇ ಕೂತಳು.

"ಆ ಸೊಪ್ಪು ಬಿಸಾಕ್ದೆ ಅತ್ತಿಗೆ," ಎಂದಳು. "ತೊಳೆದೆ. ಎರಡು ಸಲ ಉಪ್ಪು ನೀರಲ್ಲಿ ತೊಳೆದೆ. ರುಬ್ಬೋಕೆ ಹಾಕೋವಾಗ ಕೈ ಬರ್ಲಿಲ್ಲ. ಇವ್ರು ನಿಮಗೆ ಚೆನ್ನಾಗಿತ್ತು ಅಂದ್ರಂತೆ. ನಂಗೆ ಅದು ಮನಸ್ಸಲ್ಲೇ ಕುತ್ಕೊಂಡ್‌ಬಿಟ್ಟಿದೆ."

ನನ್ನೊಳಗೆ ಆರು ತಿಂಗಳಿಂದ ಸಿದ್ಧವಾಗಿದ್ದ ಮಾತುಗಳಿದ್ದವು. "ಒಂದು ಫೋನ್ ಮಾಡ್ಬಹುದಿತ್ತಲ್ಲ ಸವಿತಾ," ಎಂದಷ್ಟೇ ಅಂದೆ.

"ಏನಂತ ಮಾಡ್ಲಿ? ದಿನಾ ಬೆಳಗಾದ್ರೆ ಇವಳಿಗೆ ಆ ಮಾತ್ರೆ ಪುಡಿ ಮಾಡಿ ಜೇನುತುಪ್ಪದಲ್ಲಿ ಕೊಡೋದು. ಉಗುಳ್ತಾಳೆ, ಮತ್ತೆ ಕೊಡೋದು. ಕೊಡೋವಾಗೆಲ್ಲ ನಿಮ್ಮ ಮೇಲೆ ಸಿಟ್ಟು. ಆಮೇಲೆ, ಪಾಪ ಅವ್ರೇನು ಬೇಕಂತ ಮಾಡಿದ್ರಾ ಅಂತ. ಪಕ್ಕದ್ ಮನೆಯವ್ರು ಮಾತ್ರೆ ಡಬ್ಬಿ ನೋಡಿದ್ರು ಅತ್ತಿಗೆ. ಅವತ್ತಿಂದ ಅವ್ರ ಮಕ್ಕಳನ್ನ ಕಳ್ಸಲ್ಲ. ಇವ್ಳು ಗೇಟ್ ಹಿಡ್ಕೊಂಡು ನಿಂತ್ಕೋತಾಳೆ, ಅವು ಆಡೋದು ನೋಡ್ಕೊಂಡು. ನಮ್ಮಮ್ಮನೂ ಬರ್ಲಿಲ್ಲ, ದಸರಾಕ್ಕೂ ಬರ್ಲಿಲ್ಲ."

ಇದು ನನಗೆ ಗೊತ್ತಿರಲಿಲ್ಲ. ಪ್ರಕಾಶ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ಮನೆಯಲ್ಲಿ ಮೂವರು ಜೊತೆಯಾಗಿ ಸುಖವಾಗಿದ್ದಾರೆ, ನಾನೊಬ್ಬಳು ಹೊರಗೆ ಎಂದುಕೊಂಡೇ ಅಷ್ಟು ದಿನ ಕಳೆದಿದ್ದೆ. ಅವಳ ಕೈ ಹಿಡಿಯಬೇಕೆನ್ನಿಸಿತು. ಅವಳಿಗೆ ಹೇಗನ್ನಿಸೀತೋ ಎಂದು ಹಿಡಿಯಲಿಲ್ಲ.

"ನಂಗಿನ್ನೂ ಭಯ ಪೂರ್ತಿ ಹೋಗಿಲ್ಲ," ಎಂದಳು. "ಸುಳ್ಳು ಹೇಳಲ್ಲ."

"ನಂಗೂ ಹೋಗಿಲ್ಲ," ಎಂದೆ.

ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತೆವು. ನಿಧಿ ತಾನೇ ತಿನ್ನುವ ಹಟದಲ್ಲಿ ಬಾಯಿ ತುಂಬ ಅನ್ನ ತುಂಬಿಕೊಂಡಿದ್ದಳು. ಇದ್ದಕ್ಕಿದ್ದಂತೆ ಕೆಮ್ಮಿದಳು. ಅನ್ನ ಗಂಟಲಿಗೆ ಸಿಕ್ಕಿದ್ದು, ಅಷ್ಟೆ. ಪ್ರಕಾಶ ಮೂಳೆ ಕಡಿಯುತ್ತಲೇ ಇದ್ದ. ನಾನೂ ಸವಿತಾಳೂ ಒಟ್ಟಿಗೆ, ಒಂದೇ ಕ್ಷಣಕ್ಕೆ, ತುತ್ತು ಬಿಟ್ಟು ಮಗುವಿನ ಕಡೆ ತಿರುಗಿದ್ದೆವು. ನಿಧಿ ನೀರು ಕುಡಿದು ಮತ್ತೆ ಅನ್ನಕ್ಕೆ ಕೈ ಹಾಕಿದಳು. ಆಮೇಲೂ ಸ್ವಲ್ಪ ಹೊತ್ತು ನಾವಿಬ್ಬರೂ ಕಿವಿಗೊಟ್ಟು ಕೂತಿದ್ದೆವು, ಇನ್ನೊಂದು ಕೆಮ್ಮು ಬರುತ್ತದೇನೋ ಎಂದು. ಬರಲಿಲ್ಲ. ಸವಿತಾ ನನ್ನ ಮುಖ ನೋಡಿದಳು.

"ಇಷ್ಟೇ ಅತ್ತಿಗೆ," ಎಂದಳು. "ದಿನಾ ಹೀಗೇ."

ಈಗಲೂ ನಾನು ಆಲ್ಕೊಳದ ಕೋಣೆಯಲ್ಲೇ ಇದ್ದೇನೆ. ವಾಪಸ್ ಬನ್ನಿ ಎಂದು ಸವಿತಾ ಎರಡು ಸಲ ಕರೆದಳು. ಎರಡನೆಯ ಸಲ ಮನಸ್ಸಿನಿಂದಲೇ ಕರೆದಳು. ನೋಡೋಣ ಎಂದಿದ್ದೇನೆ. ಭಾನುವಾರ ಹೋಗುತ್ತೇನೆ. ನಿಧಿ ಇನ್ನೂ ನನ್ನ ಪಕ್ಕ ಮಲಗುವುದಿಲ್ಲ. ಹೋದ ವಾರ ಮಾತ್ರ, ಟಿವಿ ನೋಡುತ್ತ ನೋಡುತ್ತ, ಯಾರೆಂದು ಗಮನಿಸದೆ, ನನ್ನ ಮಂಡಿಗೆ ಒರಗಿ ನಿಂತಿದ್ದಳು. ಸವಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಮಗುವನ್ನು ಕರೆಯಲಿಲ್ಲ. ನಾನೂ ಅಲುಗಾಡಲಿಲ್ಲ.